ಒಂದು ಗಂಟೆ ಮರೆಯಾಗಲು ಬಿಡದ ನೀಲಿ ಚುಕ್ಕಿಯವರಿಗೆ

ಮಾನ್ಯ ನೀಲಿ ಚುಕ್ಕಿಯವರೇ,

ನನ್ನ ಮೊಬೈಲಿನ ನಕ್ಷೆಯೊಳಗೆ ಹಗಲಿರುಳೆನ್ನದೆ ಮಿಣುಕುತ್ತ, ನಾನು ಎಲ್ಲಿದ್ದೇನೆಂಬುದನ್ನು ನನ್ನ ಮನೆಯವರಿಗೆ ಬಿಡುವಿಲ್ಲದೆ ತಿಳಿಸುತ್ತಿರುವ ತಮಗೆ, ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನಾನು ಮಾಡುವ ಅನಂತ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನನ್ನ ಕ್ಷೇಮಸಮಾಚಾರವನ್ನು ತಮಗೆ ಬರೆಯುವುದು ಅಧಿಕಪ್ರಸಂಗವಾದೀತು. ಅದು ನನಗಿಂತ ತಮಗೇ ಚೆನ್ನಾಗಿ ಗೊತ್ತು.

ತಾವು ನಮ್ಮ ಮನೆಗೆ ಬಂದ ಬಗೆಯನ್ನು ಮೊದಲು ನೆನೆಯಬೇಕು. ಹೋದ ವರ್ಷ ಒಂದು ಮಧ್ಯಾಹ್ನ ಊಟ ತಪ್ಪಿಸಿ ಗಾಜು ಉಜ್ಜುತ್ತ ಕೂತಿದ್ದವಳು ಎದ್ದು ನಿಂತವಳೇ ತಲೆ ಸುತ್ತಿ ಕೌಂಟರಿನ ಹಿಂದೆ ಬಿದ್ದೆ. ಫ್ರೇಮಿನ ತಿರುಪು ಬಿಗಿಸಿಕೊಳ್ಳಲು ಬಂದ ಗಿರಾಕಿಯೊಬ್ಬರು ಅಂಗಡಿ ತೆರೆದಿದೆ, ಅಂಗಡಿಯವಳಿಲ್ಲ ಎಂದು ಬಗ್ಗಿ ನೋಡುವತನಕ ನಾನು ಅಲ್ಲಿದ್ದೇನೆಂದು ಲೋಕಕ್ಕೆ ತಿಳಿದಿರಲಿಲ್ಲ. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿರುವ ನನ್ನ ಮಗಳು ಅಂದು ಸಂಜೆಯೇ ನನ್ನ ಮೊಬೈಲು ಕಿತ್ತುಕೊಂಡು ತಮ್ಮನ್ನು ಅದರೊಳಗೆ ಕೂರಿಸಿ, "ಇನ್ನು ಮೇಲೆ ನೀನು ಎಲ್ಲಿದ್ರೂ ನಮಗೆ ಗೊತ್ತಾಗತ್ತಮ್ಮ" ಎಂದಳು. ಅಳು ತಡೆದುಕೊಂಡಿದ್ದ ಆ ಮುಖ ನೋಡಿ ನಾನೂ ಹೂಂ ಎಂದೆ. ಹಾಗಾಗಿ ತಮ್ಮ ನೇಮಕಾತಿಯ ಬಗ್ಗೆ ನನ್ನ ತಕರಾರೇನೂ ಇಲ್ಲ.

ತಕರಾರಿರುವುದು ತಮ್ಮ ಕರ್ತವ್ಯನಿಷ್ಠೆಯ ಬಗ್ಗೆ. ನನ್ನ ಯಜಮಾನರು ಬಸ್ ಡಿಪೋದಲ್ಲಿ ಯಾವ ಬಸ್ಸು ಎಲ್ಲಿದೆ, ಎಷ್ಟು ತಡ ಎಂದು ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಈಗ ಅವರ ಪಾಲಿಗೆ ಉಳಿದಿರುವ ಬಸ್ಸು ನಾನೊಬ್ಬಳೇ. ಚಪ್ಪಲಿಯ ಪಟ್ಟಿ ಕಿತ್ತುಹೋಗಿ ದಾರಿಯಲ್ಲಿ ನಿಂತರೆ ಸಾಕು, "ಔಷಧಿ ಅಂಗಡಿ ಮುಂದೆ ಯಾಕೆ ನಿಂತಿದೀಯ, ಮೈಗೆ ಹುಷಾರಿಲ್ವಾ?" ಎಂದು ಫೋನು ಬರುತ್ತದೆ. ಪಕ್ಕದ ಬೀದಿಯಲ್ಲಿರುವ ಅವರ ಅಕ್ಕನನ್ನೂ ಮಗಳು ಈ ಕೂಟಕ್ಕೆ ಸೇರಿಸಿದ್ದಾಳೆ. ಆಕೆ ಮನೆಗೆ ಬಂದವರೇ ಕೂರುವ ಮೊದಲು, "ನಿನ್ನೆ ಬಟ್ಟೆ ಅಂಗಡೀಲಿ ತುಂಬಾ ಹೊತ್ತು ಇದ್ಯಲ್ಲ, ಏನು ತಗೊಂಡೆ, ತೋರ್ಸು" ಎನ್ನುತ್ತಾರೆ. ಏನೂ ತೆಗೆದುಕೊಳ್ಳಲಿಲ್ಲವೆಂದರೆ ನಂಬುವುದಿಲ್ಲ. ತಮ್ಮ ಮಾತಿಗೆ ಅಷ್ಟು ಬೆಲೆ, ನನ್ನ ಮಾತಿಗೆ ಇಷ್ಟು.

ಹೀಗಿರುವಾಗ ಐವತ್ತು ದಾಟಿದ ಈ ವಯಸ್ಸಿನಲ್ಲಿ ನನಗೆ ಈಜು ಕಲಿಯುವ ಮನಸ್ಸಾಯಿತು. ಚಿಕ್ಕಂದಿನಿಂದಲೂ ನೀರೆಂದರೆ ಹೆದರಿಕೆ. ಉಳಿದವರೆಲ್ಲ ಧುಮುಕುವಾಗ ದಡದಲ್ಲಿ ಕೂತು ಅವರ ಬಟ್ಟೆ ಕಾಯುವುದೇ ನನ್ನ ಪಾಲಿನ ಕೆಲಸವಾಗಿತ್ತು. ನಮ್ಮ ಸಾರ್ವಜನಿಕ ಈಜುಕೊಳದಲ್ಲಿ ಮಧ್ಯಾಹ್ನ ಹೆಂಗಸರಿಗೆಂದೇ ಒಂದು ಪಾಳಿ ಇದೆ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಮೇಡಂ ಒಬ್ಬರು ಕಲಿಸುತ್ತಾರೆ. ಮನೆಯಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಯಜಮಾನರು ಟವೆಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು, ಮಗಳು ವಿಡಿಯೋ ತೆಗೆಯಲು ರಜೆ ಹಾಕುತ್ತಿದ್ದಳು, ಯಜಮಾನರ ಅಕ್ಕ ನೀರಿಗೆ ಬಿದ್ದು ಸತ್ತವರ ಕಥೆಗಳನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಿದ್ದರು. ನನಗೆ ಬೇಕಾಗಿದ್ದುದು ಯಾರೂ ನೋಡದ ಜಾಗದಲ್ಲಿ ಒಂದಿಷ್ಟು ಹೆದರಿಕೊಳ್ಳುವ ಸ್ವಾತಂತ್ರ್ಯ.

ಆಗ ತಮ್ಮ ಹೊಟ್ಟೆಯೊಳಗೇ ಒಂದು ಗುಂಡಿ ಸಿಕ್ಕಿತು: ಒಂದು ಗಂಟೆ ಕಾಲ ಸ್ಥಳ ಮರೆಮಾಡಿ. ಇಷ್ಟು ದಯೆಯನ್ನು ತಾವು ಇಷ್ಟು ಒಳಗೆ ಬಚ್ಚಿಟ್ಟಿದ್ದೀರೆಂದು ತಿಳಿದು ನನ್ನ ಕಣ್ಣು ತುಂಬಿತು. ಅಂಗಡಿಯಲ್ಲೇ ಅದನ್ನು ಒತ್ತಿ ಹೊರಟರೆ ತಾವು ಅಲ್ಲೇ ಸಭ್ಯರಾಗಿ ಕೂತಿರುತ್ತಿದ್ದಿರಿ, ಮನೆಯವರು ನಾನು ಅಂಗಡಿಯ ಒಳಕೋಣೆಯಲ್ಲಿ ಸಣ್ಣ ನಿದ್ದೆ ತೆಗೆಯುತ್ತಿದ್ದೇನೆಂದು ತಿಳಿಯುತ್ತಿದ್ದರು. ಸುಳ್ಳು ಹೇಳಿದವರು ತಾವು. ನಾನು ಸುಮ್ಮನಿದ್ದೆ ಅಷ್ಟೆ.

ಆದರೆ ಮೊನ್ನೆಯ ಶುಕ್ರವಾರ, ತಲೆಯ ಮೇಲೆ ಕನ್ನಡಕ ಏರಿಸಿಕೊಂಡು ಕನ್ನಡಕ ಕಳೆದುಹೋಯಿತೆಂದು ಬಂದ ಗಿರಾಕಿಯನ್ನು ಸಮಾಧಾನ ಮಾಡುವ ಗಡಿಬಿಡಿಯಲ್ಲಿ ಗುಂಡಿ ಒತ್ತುವುದು ಮರೆತೆ. ಬಸ್ಸಿನಲ್ಲಿ ನೆನಪಾಗಿ ಒತ್ತಿದೆ. ಬಸ್ಸು ಆಗ ಸಿಗ್ನಲ್ಲಿನಲ್ಲಿ ನಿಂತಿತ್ತು, ಸಿಗ್ನಲ್ಲು ಇರುವುದು ದೊಡ್ಡಾಸ್ಪತ್ರೆಯ ತುರ್ತು ಚಿಕಿತ್ಸೆಯ ಬಾಗಿಲಿನ ಮುಂದೆ. ಬಸ್ಸು ಹೊರಟಿತು, ನಾನು ಹೊರಟೆ. ಪ್ರಾಮಾಣಿಕರಾದ ತಾವು ಮಾತ್ರ ಆಸ್ಪತ್ರೆಯ ಬಾಗಿಲಲ್ಲೇ ಇಳಿದುಕೊಂಡಿರಿ.

ಮುಂದಿನದನ್ನು ಮಗಳಿಂದ ಕೇಳಿ ಬರೆಯುತ್ತಿದ್ದೇನೆ. ಯಜಮಾನರು ನೋಡಿದರು, ಫೋನು ಮಾಡಿದರು, ಅದು ಈಜುಕೊಳದ ಬೀರುವಿನೊಳಗೆ ಬಡಿದುಕೊಂಡಿತು. ಅವರು ಮನೆಗೆ ಬೀಗ ಕೂಡ ಹಾಕದೆ ಆಸ್ಪತ್ರೆಗೆ ಓಡಿದರು. ಮಗಳು ಕೈಗವಸು ಬಿಚ್ಚುವುದನ್ನೂ ಮರೆತು ಬಂದಳು. ಅಲ್ಲಿನ ಗುಮಾಸ್ತೆ ಸಾವಧಾನವಾಗಿ, "ಯಾವ ಬಣ್ಣದ ಬಟ್ಟೆ ಹಾಕಿದ್ರು?" ಎಂದು ಕೇಳಿದರು. ಬೆಳಿಗ್ಗೆ ನನ್ನೆದುರೇ ಕೂತು ಟೀ ಕುಡಿದ ಮನುಷ್ಯ ಕೊನೆಗೆ, "ಕನ್ನಡಕ ಹಾಕಿರ್ತಾಳೆ" ಎಂದರಂತೆ.

ಅದೇ ಹೊತ್ತಿಗೆ ನಾನು ಕೊಳದ ಅಂಚಿನ ಕಂಬಿಗೆ ಜೋತುಬಿದ್ದಿದ್ದೆ. ಸೀಟಿ ಮೇಡಂ, "ಬಿಡಿ, ಕಂಬಿ ಎಲ್ಲೂ ಓಡಿಹೋಗಲ್ಲ" ಎಂದರು. ವಾರಗಟ್ಟಲೆ ಬಿಡದಿದ್ದವಳು ಅಂದು ಯಾಕೋ ಬಿಟ್ಟೆ. ಬೆನ್ನಿನ ಕೆಳಗೆ ನೀರು ಗಟ್ಟಿಯಾಯಿತು. ಕಿವಿಯೊಳಗೆ ನೀರು ತುಂಬಿ ಊರಿನ ಸದ್ದೆಲ್ಲ ನಿಂತುಹೋಯಿತು. ನಾನು ಎಲ್ಲಿದ್ದೇನೆಂದು ಯಾರಿಗೂ ತಿಳಿಯದ ಆ ಸ್ವಲ್ಪ ಹೊತ್ತು, ಮಾನ್ಯರೇ, ನಾನು ಎಲ್ಲಿದ್ದೇನೆಂದು ನನಗೆ ಚೆನ್ನಾಗಿ ತಿಳಿದಿತ್ತು. ಖುಷಿಯಲ್ಲಿ ಗಂಟೆ ಮುಗಿದದ್ದೂ ತಿಳಿಯಲಿಲ್ಲ.

ತಮಗೆ ತಿಳಿಯಿತು. ತಾವು ತಟ್ಟನೆ ಎಚ್ಚೆತ್ತು ಆಸ್ಪತ್ರೆಯಿಂದ ಒಂದೇ ನೆಗೆತಕ್ಕೆ ಈಜುಕೊಳಕ್ಕೆ ಬಂದಿರಿ. ಬೀರುವಿನ ಬಳಿ ನಿಂತಿದ್ದರೆ ಒಂದು ಮಾತು. ತಾವು ನಕ್ಷೆಯಲ್ಲಿ ನೀರಿನ ನಟ್ಟನಡುವೆ ನಿಂತಿರಿ. "ನೀರಲ್ಲಿದಾಳೆ" ಎಂದಷ್ಟೇ ಹೇಳಿ ಯಜಮಾನರು ಮತ್ತೆ ಓಡಿದರು.

ಹೆಂಗಸರ ಪಾಳಿಯಾದ್ದರಿಂದ ಕಾವಲುಗಾರ ಅವರನ್ನು ಒಳಗೆ ಬಿಡಲಿಲ್ಲ. ಗೋಡೆಯಾಚೆಯಿಂದ ಅವರ ದನಿ ಬಂತು: "ಒಳಗಿದೀಯಾ?"

"ಇದೀನಿ ರೀ."

"ಮುಳುಗ್ತಿದೀಯಾ?"

"ಇಲ್ಲ ರೀ. ತೇಲ್ತಿದೀನಿ."

ತಲೆ ಒರೆಸಿಕೊಂಡು ಹೊರಗೆ ಬಂದರೆ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಬೈಗುಳ ಕೇಳಲು ಸಿದ್ಧಳಾಗಿದ್ದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಹಸಿರು" ಎಂದರು. ಆಮೇಲೆ, "ಏನು ಬಟ್ಟೆ ಹಾಕಿದ್ದೆ ಅಂತ ಕೇಳಿದ್ರು. ನಂಗೆ ಹೇಳಕ್ಕಾಗ್ಲಿಲ್ಲ ಕಣೇ" ಎಂದರು. ನಾನು ಪಕ್ಕದಲ್ಲಿ ಕೂತೆ. ಮಗಳು ಇಬ್ಬರನ್ನೂ ಸೇರಿಸಿ ಬೈದಳು, ಅದು ನ್ಯಾಯವೇ ಆಗಿತ್ತು.

ಇದೆಲ್ಲ ಆದ ಮೇಲೆ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಯಾರು ಬೇಕಾದರೂ ಒಂದು ಗಂಟೆ ಮರೆಯಾಗಬಹುದು. ಹೋಗುವ ಮುನ್ನ "ಹೋಗ್ತಿದೀನಿ" ಎಂದು ಹೇಳಿದರೆ ಸಾಕು, ಎಲ್ಲಿಗೆಂದು ಯಾರೂ ಕೇಳಕೂಡದು. ಗೆದ್ದೆನೆಂದು ಬೀಗಿದ್ದೆ. ಈ ಬುಧವಾರ ಯಜಮಾನರು "ಹೋಗ್ತಿದೀನಿ" ಎಂದು ಫೋನಿನಲ್ಲಿ ಹೇಳಿದರು, ನಕ್ಷೆಯಲ್ಲಿ ಅವರ ಚುಕ್ಕಿ ಇದ್ದಲ್ಲೇ ನಿಂತುಬಿಟ್ಟಿತು. ನಾನು ಅದನ್ನೇ ನೋಡುತ್ತ ನೋಡುತ್ತ ಗಿರಾಕಿಯ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿದೆ. ಅಂಗಡಿ ಮುಚ್ಚಿ ಹುಡುಕಲು ಹೊರಡೋಣವೆಂದು ಕೀಲಿಕೈ ಹಿಡಿದು ನಿಂತಿದ್ದಾಗ ಅವರೇ ಬಾಗಿಲಲ್ಲಿ ಕಾಣಿಸಿಕೊಂಡರು. ಷೂಗೆ ಮಣ್ಣು ಮೆತ್ತಿತ್ತು, ಬಾಯಲ್ಲಿ ಏನೋ ಹಾಡಿನ ಗುನುಗು. ಎಲ್ಲಿಗೆ ಹೋಗಿದ್ದಿರೆಂದು ನಾನು ಕೇಳಲಿಲ್ಲ. ನಾಲಗೆ ತುದಿಗೆ ಬಂದದ್ದನ್ನು ನುಂಗಿ, ಕೂರಲು ಸ್ಟೂಲು ಎಳೆದುಕೊಟ್ಟೆ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟು. ಯಾರಾದರೂ ಮರೆಯಾದಾಗ ಆ ನಿಂತ ಚುಕ್ಕಿಯ ಕೆಳಗೆ "ಚೆನ್ನಾಗಿದ್ದಾರೆ, ಬರುತ್ತಾರೆ" ಎಂದು ಬರೆಯಿರಿ. ಚೆನ್ನಾಗಿಲ್ಲದಿದ್ದರೆ ಗುಂಡಿಯನ್ನು ಲೆಕ್ಕಿಸದೆ ಊರಿಗೆಲ್ಲ ಕೂಗಿ ಹೇಳಿ. ಸುಖವನ್ನು ಮುಚ್ಚಿಟ್ಟು ಕಷ್ಟವನ್ನಷ್ಟೇ ತೋರಿಸುವ ವಿವೇಕ ತಮ್ಮಂಥ ಬುದ್ಧಿವಂತರಿಗೆ ದೊಡ್ಡದಲ್ಲ. ಅಷ್ಟೂ ಆಗದಿದ್ದರೆ, ದಿನವೂ ಬೆಳಿಗ್ಗೆ ಮನೆಯ ಗಂಡಸರಿಗೆ ನಕ್ಷೆಯಿಂದ ತಲೆಯೆತ್ತಿ ಎದುರಿಗಿರುವವಳನ್ನು ಒಮ್ಮೆ ನೋಡಿ ಎಂದು ನೆನಪಿಸಿದರೂ ಸಾಕು.

ಕಂಡಾಗಲೂ ಕಾಣದಾಗಲೂ
ತಮ್ಮ ವಿಶ್ವಾಸಿಯೇ ಆದ,
ಕನ್ನಡಕದ ಅಂಗಡಿಯವಳು

ತಾ.ಕ.: ಈ ಪತ್ರವನ್ನು ಮನೆಯಲ್ಲಿ ಕೂತು ಬರೆಯುತ್ತಿರುವಾಗ, ನಾನು ಹಜಾರದಿಂದ ಅಡುಗೆಮನೆಗೆ ಎದ್ದುಹೋದ ಕೂಡಲೇ ತಾವು "ಈಗಷ್ಟೇ ಮನೆ ತಲುಪಿದ್ದಾರೆ" ಎಂಬ ಸಂದೇಶವನ್ನು ಎಲ್ಲರಿಗೂ ಕಳಿಸಿದಿರಿ. ಯಜಮಾನರ ಅಕ್ಕ ಫೋನು ಮಾಡಿ, ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎಂದು ಕೇಳುತ್ತಿದ್ದಾರೆ. ಉತ್ತರವನ್ನು ದಯವಿಟ್ಟು ತಾವೇ ಕೊಡತಕ್ಕದ್ದು.