ಡಾಕ್ಟರಮ್ಮನ ಕಿವಿಗಳ ವಿಮೋಚನೆ

ಡ್ರೈವಿಂಗ್ ಮೇಷ್ಟ್ರಿಗೆ ಹೆಂಡತಿಯ ಮೇಲೆ ಒಂದೇ ಒಂದು ದೂರಿರಲಿಲ್ಲ. ಇದ್ದ ದೂರೆಲ್ಲ ಹೆಂಡತಿಯ ತಲೆಯ ಮೇಲಿನ ಹೆಡ್‌ಫೋನಿನ ಮೇಲೆ. ಸಂಜೆಯಾದರೆ ಸಾಕು, ಆ ಕಪ್ಪು ಪ್ರಾಣಿ ಏರಿ ಕೂರುತ್ತಿತ್ತು. ಅದು ಏರಿತು ಅಂದರೆ ಆವತ್ತಿನ ಮಟ್ಟಿಗೆ ಮೇಷ್ಟ್ರ ದಾಂಪತ್ಯಕ್ಕೆ ಬೀಗ ಬಿತ್ತು ಅಂತಲೇ ಲೆಕ್ಕ.

ಹೆಂಡತಿ ಹಲ್ಲಿನ ಡಾಕ್ಟರು. ಬೀದಿಯೆಲ್ಲ ಅವರನ್ನು ಡಾಕ್ಟರಮ್ಮ ಅಂತಿತ್ತು. ದಿನವಿಡೀ ಅವರ ಮುಂದೆ ಜನ ಬಾಯಿ ತೆರೆದುಕೊಂಡೇ ಇದ್ದರೂ ಮಾತು ಮಾತ್ರ ಡಾಕ್ಟರಮ್ಮನದೇ. ಮೇಷ್ಟ್ರ ಕೆಲಸವೂ ಬಾಯಿಯದೇ. ಪಕ್ಕದ ಸೀಟಿನಲ್ಲಿ ಕೂತು, 'ಕ್ಲಚ್ಚು, ಕ್ಲಚ್ಚು! ಕನ್ನಡಿ ನೋಡಿ! ಅಯ್ಯೋ ಪುಣ್ಯಾತ್ಮ, ಎಡಕ್ಕೆ ಅಂದೆ!' ಅಂತ ಸಂಜೆವರೆಗೆ ಗಂಟಲು ಹರಿದುಕೊಳ್ಳುವುದು. ಇಂಥ ಇಬ್ಬರು ಮನೆ ಸೇರಿದರೆ ಮಾತಿನ ಮಳೆಯೇ ಸುರಿಯಬೇಕಿತ್ತು. ಆದರೆ ಡಾಕ್ಟರಮ್ಮ ಕೈಕಾಲು ತೊಳೆದು, ಒಂದು ಲೋಟ ಕಾಫಿ ಹಿಡಿದು, ಸೀದಾ ಹೋಗಿ ಕೂರುತ್ತಿದ್ದದ್ದು ಹಾಲಿನ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ.

ಅದು ಸಾಮಾನ್ಯ ಕಂಪ್ಯೂಟರಲ್ಲ, ಆಟ ಆಡಲಿಕ್ಕೆಂದೇ ಮಾಡಿಸಿದ್ದು. ಹೊಟ್ಟೆಯೊಳಗೆ ಕೆಂಪು, ನೀಲಿ ದೀಪ. ಅದರಲ್ಲಿ ಡಾಕ್ಟರಮ್ಮ ಒಂದು ತಂಡದ ನಾಯಕಿ. ಪಾಳುಬಿದ್ದ ಒಂದು ಪಟ್ಟಣದೊಳಗೆ ನುಗ್ಗಿ, ಎದುರಾಳಿ ತಂಡವನ್ನು ಹುಡುಕಿ ಹುಡುಕಿ ಹೊಡೆಯುವುದು ಆಟ. ಜೊತೆಗೆ ಮೂವರು: ಒಬ್ಬ ಔಷಧಿ ಅಂಗಡಿಯವನು, ಒಬ್ಬ ಬೇಕರಿಯವನು, ಇನ್ನೊಬ್ಬಳು ಲೆಕ್ಕದ ಟೀಚರು. ಮೂವರೂ ಅವರವರ ಮನೆಯಲ್ಲಿ ಕೂತು ಆಡುವವರು. ಯಾರೂ ಯಾರ ಮುಖವನ್ನೂ ಕಂಡವರಲ್ಲ, ಬರೀ ದನಿಯ ಪರಿಚಯ. ಆದರೂ ಮೂವರಿಗೂ ಡಾಕ್ಟರಮ್ಮ 'ಅಕ್ಕ'. ಹಗಲೆಲ್ಲ ಹಲ್ಲು ಕೀಳುವ ಕೈ ಸಂಜೆ ಜೀವವನ್ನೇ ಕೀಳುತ್ತದೆ ಅಂತ ಮೇಷ್ಟ್ರು ಅಂದುಕೊಳ್ಳುತ್ತಿದ್ದರು (ಮನಸ್ಸಿನಲ್ಲಿ).

ಮೊದಮೊದಲು ಮೇಷ್ಟ್ರು ಕರೆದು ನೋಡಿದರು. 'ಏನೇ, ಒಂದು ನಿಮಿಷ.' ಉತ್ತರವಿಲ್ಲ. 'ಮನೆಗೆ ಬೆಂಕಿ ಬಿತ್ತು ಕಣೇ!' ಉಹೂಂ. ಕ್ರಮೇಣ ಅವರಿಗೊಂದು ವಿಚಿತ್ರ ಅಭ್ಯಾಸವಾಯಿತು. ಡಾಕ್ಟರಮ್ಮನ ಕುರ್ಚಿಯ ಹಿಂದೆ ನಿಂತು, ಅವರ ಬೆನ್ನಿಗೆ, ಜಡೆಗೆ, ಬಾಯಿಗೆ ಬಂದದ್ದನ್ನೆಲ್ಲ ಹೇಳಿಕೊಳ್ಳುವುದು. 'ಪಲ್ಯಕ್ಕೆ ಉಪ್ಪು ಹಾಕಿದ್ದೀಯೋ, ಉಪ್ಪಿಗೆ ಪಲ್ಯ ಹಾಕಿದ್ದೀಯೋ?' ಅಂತ ಶುರುವಾದದ್ದು ಬರಬರುತ್ತಾ ಎಲ್ಲೆಲ್ಲಿಗೋ ಹೋಯಿತು. ಹುಟ್ಟಿದಾಗಿನಿಂದ ಯಾರ ಹತ್ತಿರವೂ ಬಾಯಿಬಿಡದ ಸಂಗತಿಗಳೆಲ್ಲ ಆ ಜಡೆಯ ಮುಂದೆ ಹೊರಬಂದವು. ಹೇಳಿ ಮುಗಿಸಿದಾಗ ಎದೆ ಹಗುರ. ಮರುಗಳಿಗೆ ಪೆಚ್ಚು. ಕೇಳಿಸಿಕೊಳ್ಳುವವರೇ ಇಲ್ಲದ ಮೇಲೆ ಹೇಳಿ ಏನು ಬಂತು? ಹೆಂಡತಿ ಒಮ್ಮೆ ತಿರುಗಿ 'ಹೌದೇನ್ರೀ?' ಅಂದರೆ ಸಾಕಿತ್ತು ಅಂತ ಅವರ ಜೀವ ಒದ್ದಾಡುತ್ತಿತ್ತು.

ಹೀಗೆ ಒದ್ದಾಡುತ್ತಿರುವಾಗಲೇ ಆ ದಿವ್ಯ ಐಡಿಯಾ ಹೊಳೆಯಿತು. ಹಾಲಿನ ಶೋಕೇಸಿನಲ್ಲಿ ಮೇಷ್ಟ್ರದ್ದೇ ಒಂದು ಸೌಂಡ್ ಸೆಟ್ಟು ಧೂಳು ತಿನ್ನುತ್ತಿತ್ತು. ಸ್ಪೀಕರುಗಳಿಗೆಲ್ಲ ಸದ್ದು ಹಂಚುವ ದಪ್ಪನೆಯ ಒಂದು ರಿಸೀವರು, ಐದು ಸ್ಪೀಕರು, ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಟ್ಟಿದ್ದ ಒಂದು ವೂಫರು. ಸಿನಿಮಾ ನೋಡುವಾಗ ಹಿಂದೆ, ಮುಂದೆ, ಅಕ್ಕಪಕ್ಕ ಶಬ್ದ ಬರಲಿ ಅಂತ ಆಸೆಪಟ್ಟು ತಂದದ್ದು. ಕಂಪ್ಯೂಟರನ್ನು ಆ ರಿಸೀವರಿಗೆ ಜೋಡಿಸಿದರೆ? ಆಟದ ಸದ್ದೆಲ್ಲ ಹಾಲಿನಲ್ಲೇ ಕೇಳುತ್ತದೆ. ಹೆಡ್‌ಫೋನಿನ ಅಗತ್ಯವೇ ಇಲ್ಲ. ಡಾಕ್ಟರಮ್ಮನ ಎರಡೂ ಕಿವಿ ಬಂಧಮುಕ್ತ!

ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ಕ್ಲಿನಿಕ್ಕಿಗೆ ಹೊರಟದ್ದೇ ತಡ, ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು. ಎರಡು ಸ್ಪೀಕರು ಸ್ಕ್ರೀನಿನ ಅಕ್ಕಪಕ್ಕ, ಒಂದು ನಡುವೆ, ಇನ್ನೆರಡು ಕುರ್ಚಿಯ ಹಿಂದೆ. ಮಾತಾಡಲಿಕ್ಕೆ ಮೇಜಿನ ಮೇಲೊಂದು ಪುಟ್ಟ ಮೈಕು. ಕೊನೆಗೆ, ಟಿವಿಗೆ ಹಾಕುವ ಎಚ್‌ಡಿಎಂಐ ಕೇಬಲಿನ ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ರಿಸೀವರಿಗೆ. ಸ್ವಿಚ್ ಒತ್ತಿದರು. ಸ್ಕ್ರೀನ್ ಒಮ್ಮೆ ಕಣ್ಣು ಮಿಟುಕಿಸಿತು. ಮೌಸನ್ನು ಬಲಕ್ಕೆ ಎಳೆದರೆ ಬಾಣದ ಗುರುತು ಸ್ಕ್ರೀನಿನ ಅಂಚು ದಾಟಿ ನಾಪತ್ತೆ! ಮೇಷ್ಟ್ರು ಸ್ಕ್ರೀನಿನ ಹಿಂದೆ ಬಗ್ಗಿ ನೋಡಿದರು. (ಯಾಕೆ ನೋಡಿದರು ಅಂತ ಕೇಳಬೇಡಿ. ಗಾಬರಿಯಾದ ಮನುಷ್ಯ ಎಲ್ಲಾದರೂ ನೋಡುತ್ತಾನೆ.) ಬೇರೆ ದಾರಿ ಕಾಣದೆ ಕ್ಲಿನಿಕ್ಕಿಗೇ ಫೋನ್ ಮಾಡಿದರು.

'ಒಂದು ವಿಷಯ ಕೇಳ್ತೀನಿ, ಯಾಕೆ ಅಂತ ಕೇಳಬೇಡ. ಆ ಬಾಣದ ಗುರುತು ಸ್ಕ್ರೀನ್ ಬಿಟ್ಟು ಆಚೆ ಹೋದ್ರೆ ಎಲ್ಲಿಗೆ ಹೋಗುತ್ತೆ?'

'ರೀ! ನನ್ನ ಕಂಪ್ಯೂಟರ್ ಮುಟ್ಟಿದ್ರಾ?'

'ಛೆ ಛೆ! ಸುಮ್ನೆ, ಜ್ಞಾನಕ್ಕೋಸ್ಕರ.'

'ಅದಕ್ಕೆ ಇನ್ನೇನಾದ್ರೂ ಜೋಡಿಸಿದ್ರೆ, ಅದೂ ಒಂದು ಸ್ಕ್ರೀನ್ ಅಂದ್ಕೊಂಡುಬಿಡುತ್ತೆ. ಆ ಸ್ಕ್ರೀನಿಗೆ ಹೋಗಿರುತ್ತೆ.'

'ಆದ್ರೆ ಅಲ್ಲಿ ಸ್ಕ್ರೀನೇ ಇಲ್ವಲ್ಲೇ!'

'ಅಂದ್ರೆ ಜೋಡಿಸಿದ್ದೀರಿ! ಎಡಕ್ಕೆ ಜೋರಾಗಿ ಎಳೀರಿ, ವಾಪಸ್ ಬರುತ್ತೆ. ಆಮೇಲೆ ಎರಡೂ ಕಡೆ ಒಂದೇ ಚಿತ್ರ ಬರೋ ಹಾಗೆ ಮಾಡಿ ಕೈ ಮುಗಿದು ಎದ್ದುಬಿಡಿ. ಹೂಂ, ಈಗ ಬಾಯಿ ದೊಡ್ಡದಾಗಿ ತೆಗೀರಿ.'

'ನಾನು ಯಾಕೆ ತೆಗೀಬೇಕು?'

'ನಿಮಗಲ್ಲ ಹೇಳಿದ್ದು, ಪೇಷೆಂಟಿಗೆ!'

ಬಾಣ ವಾಪಸ್ ಬಂತು. ಮೇಷ್ಟ್ರು ಕುರ್ಚಿಗೆ ಎದುರು ನಿಂತು, ಇದು ಎಡ, ಇದು ಬಲ ಅಂತ ಹಿಂದಿನ ಎರಡೂ ಸ್ಪೀಕರಿನ ವೈರು ಸಿಕ್ಕಿಸಿ, ಬೆವರೊರೆಸಿಕೊಂಡು, ಗೆದ್ದ ದೊರೆಯ ಹಾಗೆ ಸೋಫಾದಲ್ಲಿ ಒರಗಿದರು.

ಮನೆಗೆ ಬಂದ ಡಾಕ್ಟರಮ್ಮ ಹಾಲಿನ ಬಾಗಿಲಲ್ಲೇ ನಿಂತರು. ಬೈಗುಳಕ್ಕೆಂದು ತೆರೆದ ಬಾಯಿ ಹಾಗೇ ಮುಚ್ಚಿತು. 'ಇದೆಲ್ಲ ನನಗೋಸ್ಕರ ಮಾಡಿದ್ರಾ?'

'ಮತ್ತೆ? ಆ ಭಾರ ಹೊತ್ತು ಹೊತ್ತು ನಿನ್ನ ಕುತ್ತಿಗೆ ಏನಾಗಬೇಕು?' ಅಂದರು ಮೇಷ್ಟ್ರು. ಇದು ಪೂರ್ತಿ ಸುಳ್ಳೇನಲ್ಲ.

'ಅಯ್ಯೋ ನನ್ನ ಮುದ್ದು ಮೇಷ್ಟ್ರೇ!' ಅಂತ ಡಾಕ್ಟರಮ್ಮ ಅವರ ಗಲ್ಲ ಹಿಂಡಿದರು. ಮೇಷ್ಟ್ರು ಬೆಳಗಿನ ಕಷ್ಟವನ್ನೆಲ್ಲ ಅಲ್ಲೇ ಮರೆತರು.

ಸಂಜೆ ಡಾಕ್ಟರಮ್ಮನ ತಂಡಕ್ಕೆ ಪಂದ್ಯ. ಮೊದಲ ಗುಂಡು ಹಾರಿದ್ದೇ ವೂಫರು ಗುಡುಗಿ, ಮೇಲಿದ್ದ ಇಸ್ತ್ರಿ ಬಟ್ಟೆಯೆಲ್ಲ ನೆಲಕ್ಕೆ ಬಿತ್ತು. ಗಾಜಿನ ಕಿಟಕಿ ಗಡಗಡ ಅಂದಿತು. ಡಾಕ್ಟರಮ್ಮನ ಮುಖ ಅರಳಿತು. ಹಿಂದುಗಡೆ ಬಲಕ್ಕೆ ಯಾರೋ ಓಡಿ ಬರುವ ಹೆಜ್ಜೆ ಸದ್ದು. ಗಕ್ಕನೆ ಬಲಕ್ಕೆ ತಿರುಗಿದರು. ಗುಂಡು ಬಿದ್ದದ್ದು ಎಡಗಡೆಯಿಂದ. ಸತ್ತರು.

'ಅಕ್ಕ, ಏನಿದು, ಸುಮ್ಮನೆ ಗೋಡೆಗೆ ಗುರಿ ಇಟ್ಟು ನಿಂತಿದ್ರಿ?' ಮುಂದಿನ ಸ್ಪೀಕರಿನಿಂದ ಬೇಕರಿಯವನ ದನಿ.

ಎರಡನೇ ಸುತ್ತಿನಲ್ಲೂ ಅದೇ ಕಥೆ. ಈ ಸಲ ಡಾಕ್ಟರಮ್ಮ ಕುರ್ಚಿ ತಿರುಗಿಸಿ, ಹಿಂದಿನ ಸ್ಪೀಕರನ್ನು ದಿಟ್ಟಿಸಿ, ಆಮೇಲೆ ಗಂಡನನ್ನು ದಿಟ್ಟಿಸಿದರು. 'ರೀ, ನಿಜ ಹೇಳಿ. ಎಡ ಬಲ ನಿಮಗೆ ಗೊತ್ತಾ?'

ಊರಿನ ಅರ್ಧ ಜನಕ್ಕೆ ಎಡ ಬಲ ಕಲಿಸಿದವರನ್ನು ಕೇಳುವ ಪ್ರಶ್ನೆಯೇ ಇದು! ಮೇಷ್ಟ್ರು ಎದ್ದು ಹೋಗಿ, ಬೆಳಿಗ್ಗೆ ನಿಂತ ಹಾಗೆ ಕುರ್ಚಿಗೆ ಎದುರಾಗಿ ನಿಂತರು. ಅಲ್ಲಿ ನಿಂತಾಗಲೇ ತಿಳಿದದ್ದು: ತಮ್ಮ ಎಡ ಕುರ್ಚಿಯಲ್ಲಿ ಕೂತವರ ಬಲ. ಮುಖ ಹುಳ್ಳಗಾಯಿತು. 'ಅದು... ನನ್ನ ಕಡೆಯಿಂದ ಸರಿಯಾಗೇ ಇದೆ' ಅಂದರು.

'ಆಡೋದು ನಾನೋ ನೀವೋ?'

ವೈರು ಬದಲಾಯಿಸಲು ಮೇಷ್ಟ್ರು ಕುರ್ಚಿಯ ಹಿಂದೆ ಬಗ್ಗಿದರು. ಮುಂದಿನ ಸುತ್ತಿಗೆ ಸ್ವಲ್ಪ ಬಿಡುವಿತ್ತು. ಡಾಕ್ಟರಮ್ಮ ಬರಿದಾದ ಕಿವಿಗಳನ್ನು ಸವರಿಕೊಂಡು ನಕ್ಕರು. 'ಹೋಗ್ಲಿ ಬಿಡಿ. ಈಗ ಕಿವಿ ಖಾಲಿ ಇದೆ. ಏನಾದ್ರೂ ಹೇಳಬೇಕಿತ್ತಾ?'

ಇದಕ್ಕೇ ಅಲ್ಲವೇ ಮೇಷ್ಟ್ರು ಇಷ್ಟು ದಿನ ಕಾದದ್ದು! ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಡಾಕ್ಟರಮ್ಮ ಪೂರ್ತಿ ಅವರ ಕಡೆ ತಿರುಗಿ, ಎರಡು ಕಣ್ಣೂ ಅವರ ಮುಖದ ಮೇಲಿಟ್ಟು ಕಾದರು. ಮೇಷ್ಟ್ರ ತಲೆ ಒಳಗಿಂದ ಗುಡಿಸಿ ಸಾರಿಸಿದ ಹಾಗೆ ಖಾಲಿಯಾಯಿತು. ಬೆನ್ನಿಗೆ, ಜಡೆಗೆ ಅಷ್ಟೆಲ್ಲ ಹೇಳಿದ ನಾಲಿಗೆ ಈ ಕಣ್ಣುಗಳ ಮುಂದೆ ಹೊರಳಲೇ ಇಲ್ಲ.

'ಕರೆಂಟ್ ಬಿಲ್ ಕಟ್ಟಿದ್ಯಾ?' ಅಂದರು ಕೊನೆಗೆ.

'ಕಟ್ಟಿದೆ.'

'ಹಾಂ. ಸರಿ.'

ಅಷ್ಟರಲ್ಲಿ ಸ್ಪೀಕರಿನಿಂದ ಔಷಧಿ ಅಂಗಡಿಯವನ ದನಿ ಬಂತು: 'ಭಾವ, ಮೊಣಕಾಲು ನೋವು ಹೇಗಿದೆ? ಹೋದ ವಾರ ಬಹಳ ಒದ್ದಾಡ್ತಿದ್ರಿ.'

ಮೇಷ್ಟ್ರು ಬೆಚ್ಚಿದರು. 'ನನ್ನ ಮೊಣಕಾಲಿನ ವಿಷಯ ನಿಮಗೆ ಹೇಗೆ ಗೊತ್ತು?'

'ನೀವೇ ಹೇಳಿದ್ರಲ್ಲ ಭಾವ. ಅಕ್ಕನ ಹೆಡ್‌ಫೋನ್ ಮೈಕಲ್ಲಿ ನಿಮ್ಮ ದನಿ ಎಷ್ಟು ಚೆನ್ನಾಗಿ ಕೇಳಿಸುತ್ತೆ ಗೊತ್ತಾ?'

'ಭಾವ, ನಿಮಗೆ ಸೈಕಲ್ ಓಡಿಸೋಕೆ ಬರಲ್ಲ ಅಂತ ನಾನು ಯಾರಿಗೂ ಹೇಳಿಲ್ಲ, ಆಣೆ!' ಅಂದ ಬೇಕರಿಯವನು. 'ನಮ್ಮ ಮನೆಯವರಿಗೆ ಬಿಟ್ಟು.'

ಮೇಷ್ಟ್ರು ದನಿ ಅಡಗಿಸಲೆಂದು ರಿಸೀವರಿನ ರಿಮೋಟು ಬಾಚಿಕೊಂಡು ಸಿಕ್ಕ ಗುಂಡಿ ಒತ್ತಿದರು. ಅದು ಸದ್ದು ನಿಲ್ಲಿಸುವ ಗುಂಡಿಯಲ್ಲ, ಒಂದೇ ಸದ್ದನ್ನು ಐದೂ ಸ್ಪೀಕರಿನಲ್ಲಿ ಹೊರಡಿಸುವ ಗುಂಡಿ. ಲೆಕ್ಕದ ಟೀಚರ ದನಿ ಈಗ ಎಡ, ಬಲ, ಮುಂದೆ, ಹಿಂದೆ ಎಲ್ಲ ಕಡೆಯಿಂದ ಮೇಷ್ಟ್ರನ್ನು ಸುತ್ತುವರಿಯಿತು: 'ನಾಚ್ಕೋಬೇಡಿ ಭಾವ! ಅಕ್ಕ ಕ್ಲಿನಿಕ್ಕಿಂದ ಬರೋದು ತಡ ಆದ್ರೆ ನೀವು ಗೇಟಿನ ಹತ್ರ ಹೋಗಿ ಹೋಗಿ ಬರ್ತೀರಂತಲ್ಲ, ಅದನ್ನ ಕೇಳಿ ನಾನು ಅತ್ತುಬಿಟ್ಟೆ!'

ಮೇಷ್ಟ್ರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. 'ಇವರಿಗೆ ಕೇಳಿಸ್ತಿತ್ತು, ಸರಿ. ನಿನಗೆ?'

ಡಾಕ್ಟರಮ್ಮ ಉಗುರು ನೋಡಿಕೊಂಡರು. 'ಹೆಡ್‌ಫೋನನ್ನ ಒಂದು ಕಡೆ ಯಾವಾಗ್ಲೂ ಸ್ವಲ್ಪ ಹಿಂದಕ್ಕೆ ಸರಿಸಿ ಇಟ್ಟಿರ್ತೀನಿ. ಕೂದಲು ಮುಚ್ಚಿರುತ್ತೆ, ನಿಮಗೆ ಕಾಣಲ್ಲ.'

'ಎಲ್ಲಾ ಕೇಳಿಸಿಕೊಂಡು ಒಂದು ಉತ್ತರ ಕೊಡಬಾರದಿತ್ತೇನೇ?'

'ಉತ್ತರ ಕೊಟ್ಟಿದ್ರೆ ಅವತ್ತೇ ನಿಲ್ಲಿಸಿಬಿಡ್ತಿದ್ರಿ. ಎದುರಿಗೆ ಕೂತರೆ ಬಿಲ್ ಕಟ್ಟಿದ್ಯಾ ಅಂತೀರಿ. ಈಗ್ಲೂ ಅದೇ ತಾನೆ ಅಂದಿದ್ದು? ಬೆನ್ನ ಹಿಂದೆ ನಿಂತರೆ ಮಾತ್ರ ನೀವು ನನ್ನ ಜೊತೆ ಮಾತಾಡೋದು.' ಅವರ ದನಿ ಒಂದಿಷ್ಟು ತಗ್ಗಿತು. 'ಇಷ್ಟು ವರ್ಷದಲ್ಲಿ ನಾನು ನಿಮ್ಮನ್ನ ತಿಳ್ಕೊಂಡಿದ್ದಕ್ಕಿಂತ ಈ ಕುರ್ಚೀಲಿ ಕೂತು ತಿಳ್ಕೊಂಡಿದ್ದೇ ಜಾಸ್ತಿ ಕಣ್ರೀ.'

ಮೇಷ್ಟ್ರಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಸೀದಾ ಹೋಗಿ, ಬೆಳಿಗ್ಗೆಯೆಲ್ಲ ಒದ್ದಾಡಿ ಸಿಕ್ಕಿಸಿದ ಕೇಬಲನ್ನು ತಮ್ಮ ಕೈಯಾರೆ ಕಿತ್ತರು. ಹೆಡ್‌ಫೋನು ತಂದು ಡಾಕ್ಟರಮ್ಮನ ತಲೆಗೆ ಏರಿಸಿ, ಎರಡೂ ಕಿವಿ ಮುಚ್ಚುವ ಹಾಗೆ ಒತ್ತಿ ಕೂರಿಸಿದರು. ಆಮೇಲೆ ಕುರ್ಚಿಯ ಹಿಂದೆ ಹೋಗಿ ನಿಂತರು.

'ನಾನು ಮಾತಾಡಿದ್ದು ಕೇಳಿಸುತ್ತಾ?'

'ಇಲ್ಲಪ್ಪ, ಒಂದು ಚೂರೂ ಕೇಳಿಸಲ್ಲ' ಅಂದರು ಡಾಕ್ಟರಮ್ಮ ಸ್ಕ್ರೀನ್ ನೋಡುತ್ತಲೇ.

ಮೇಷ್ಟ್ರಿಗೆ ಧೈರ್ಯ ಬಂತು. ಜಡೆಯ ಕಡೆ ಬಗ್ಗಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ ಶುರುಮಾಡಿದರು: 'ನೋಡು, ನಿನ್ನ ಮೊದಲನೇ ಸಲ ನೋಡಿದಾಗ ನನಗೆ ಏನು ಅನ್ನಿಸ್ತು ಅಂದ್ರೆ...'

ಡಾಕ್ಟರಮ್ಮ ತಿರುಗದೆಯೇ ಕೈ ಎತ್ತಿದರು. 'ರೀ, ಸ್ವಲ್ಪ ಜೋರಾಗಿ ಹೇಳಬೇಕಂತೆ. ಲೆಕ್ಕದ ಟೀಚರಿಗೆ ಸರಿಯಾಗಿ ಕೇಳಿಸ್ತಿಲ್ವಂತೆ.'