ಮುರಗೆಪ್ಪನ ಬಿಕ್ಕು, ಬನಹಟ್ಟಿಯ ದವಾಖಾನೆ

ಎಲ್ಲದಕ್ಕೂ ಮೂಲ ಒಂದು ತುತ್ತು ರೊಟ್ಟಿ. ಬನಹಟ್ಟಿಯ ನೇಕಾರ ಮುರಗೆಪ್ಪ ಗಡಿಬಿಡಿಯಲ್ಲಿ ಅದನ್ನು ಕೆಂಪು ಚಟ್ನಿಯಲ್ಲಿ ಅದ್ದಿ ಜಗಿಯದೆ ನುಂಗಿದ. ರೊಟ್ಟಿ ಒಳಗೆ ಹೋಯಿತು, ಬಿಕ್ಕು ಹೊರಗೆ ಬಂತು.

ಬೇರೆ ದಿನವಾಗಿದ್ದರೆ ಅದರ ಗೊಡವೆ ಯಾರಿಗಿತ್ತು? ಆದರೆ ಅಂದು ಮಧ್ಯಾಹ್ನ ಸಂಸ್ಥಾನದ ಆಡಳಿತ ನಡೆಸುವ ಹೊಸ ಕಾರಭಾರಿ ಸಾಹೇಬರು ಜಮಖಂಡಿಯಿಂದ ಮೋಟಾರಿನಲ್ಲಿ ಬರುವವರಿದ್ದರು. ಊರಿಗೊಂದು ದೊಡ್ಡ ದವಾಖಾನೆ ಬೇಕು, ಅಲ್ಲೇ ಡಾಕ್ಟರಕಿ ಕಲಿಸುವ ಸಾಲೆಯೂ ಬೇಕು ಎಂದು ಅವರ ಮುಂದೆ ವಾದಿಸುವ ಭಾರ ಮುರಗೆಪ್ಪನ ಮೇಲಿತ್ತು. ಮಗ್ಗದ ಸಪ್ಪಳವನ್ನು ಮೀರಿ ಮಾತಾಡಿ ಪಳಗಿದ ಅವನ ದನಿ ದೂರದ ಹುನ್ನೂರಿಗೂ ಕೇಳುತ್ತದೆ ಎಂದು ಓಣಿಯವರ ನಂಬಿಕೆ.

ಅವನಿಗೂ ಒಂದು ಸ್ವಂತ ಆಸೆಯಿತ್ತು. ತಾಯಿ ತಾರವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕುಡಚಿಯ ತನಕ ಚಕ್ಕಡಿ, ಅಲ್ಲಿಂದ ಮೀರಜಿನ ದೊಡ್ಡ ದವಾಖಾನೆಗೆ ರೈಲು ಎಂದರೆ ಸಾಕು, ಮುದುಕಿ ಮನೆಯ ಕಂಬ ಅಪ್ಪಿಕೊಂಡು ಕೂಡುತ್ತಿದ್ದಳು. "ಕಣ್ಣ ನಮ್ಮೂರಾಗ ಹ್ವಾದಾವ, ನಮ್ಮೂರಾಗ ಬರ್ಲಿ" ಎಂಬುದು ಅವಳ ಹಟ.

ಬಿಕ್ಕಿನ ಸದ್ದಿಗೆ ಮೊದಲು ಓಡಿಬಂದವನು ಪಕ್ಕದ ಮನೆಯ ಯಮನಪ್ಪ. ನಮ್ಮ ಕಡೆ ಬಿಕ್ಕಿಗೆ ಮದ್ದೆಂದರೆ ಒಂದು ಸುಳ್ಳು ಅಪವಾದ. ನೀನು ಕಳ್ಳ ಎಂದು ಥಟ್ಟನೆ ಹೇಳಬೇಕು. ಬಿಕ್ಕುವವನು ಬೆಚ್ಚಿಬಿದ್ದು 'ನಾನಲ್ಲ' ಎನ್ನುವಷ್ಟರಲ್ಲಿ ಬಿಕ್ಕು ಮಾಯವಾಗಬೇಕು.

"ಯಾಕಲೇ ಮುರಗ್ಯಾ, ನಮ್ಮ ನೆಲುವಿನ ಮ್ಯಾಲಿನ ತುಪ್ಪ ಕದ್ದ ತಿಂದೀ ಏನ?"

ಮುರಗೆಪ್ಪ ಬೆಚ್ಚಿದ. ಬಿಕ್ಕು ನಿಂತಿತು. ಯಮನಪ್ಪ ಮೀಸೆ ತಿರುವುವಷ್ಟರಲ್ಲಿ, ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತೆ ಮತ್ತೆ "ಹಿಕ್!"

"ತುಪ್ಪ ಭಾಳ ಸಣ್ಣ ಕಳವು ಆತು" ಎಂದಳು ಎದುರು ಮನೆಯ ಅನಸವ್ವ. "ಏ ಮುರಗೆಪ್ಪಾ, ನನ್ನ ಕೊರಳಾಗಿನ ಬೋರಮಾಳ ಎಲ್ಲಿ ಮುಚ್ಚಿಟ್ಟೀಯೋ?"

ಓಣಿಗೆ ಓಣಿಯೇ ವೈದ್ಯಕ್ಕೆ ಇಳಿಯಿತು. ಊಟದ ಹೊತ್ತಿಗೆ ಮುರಗೆಪ್ಪ ಒಂದು ಎತ್ತು, ಹತ್ತಾರು ಲಾಳಿ, ನೂಲಿನ ವ್ಯಾಪಾರಿ ಪಾಯಪ್ಪನವರ ರೇಷ್ಮೆ ಎಲ್ಲವನ್ನೂ ಕದ್ದಾಗಿತ್ತು. ಕೇಳಿ ಕೇಳಿ ಅವನು ಬೆಚ್ಚುವುದನ್ನೇ ಬಿಟ್ಟ. "ಹೌದು, ಕದ್ದೇನಿ. ಹಿಕ್! ಏನ ಮಾಡ್ತಿ?"

"ಮನ್ಯಾಗಿನ ಸಾಮಾನಿಗೆ ಅಂವ ಅಂಜೂದಿಲ್ರೆಪಾ" ಎಂದು ಪಾಯಪ್ಪನವರು ತಲೆ ಕೆರೆದುಕೊಂಡರು. "ಎದಿ ಝಲ್ಲ ಅನ್ನೂವಂಥಾ ಕಳವು ಬೇಕು."

ಅಷ್ಟರಲ್ಲಿ ಮೋಟಾರು ಬಂತು. ಹಲಗೆ ಬಡಿದರು, ಹೂವು ತೂರಿದರು, ಊರೆಲ್ಲ ಹುಚ್ಚೆದ್ದು ಜೈಕಾರ ಹಾಕಿತು. ಮುರಗೆಪ್ಪ ಉಸಿರು ಬಿಗಿಹಿಡಿದು ಎದ್ದ.

"ಸಾಹೇಬರ, ನಮ್ಮ ಹುಡುಗೂರು ಮುಂಬೈಯಾಗ ಡಾಕ್ಟರಕಿ ಕಲಿತ್ರ, ಹಿಕ್, ಮುಂಬೈದವರಿಗೇ ಡಾಕ್ಟರ್ ಆಗ್ತಾರ್ರಿ. ಇಲ್ಲೇ ಕಲಿತ್ರ ಇಲ್ಲೇ ಉಳೀತಾರ. ಕಲಿಯಾಕ ಜಡ್ಡಾದ ರೋಗಿಗೋಳು ಬೇಕಂತೀರಿ? ರಬಕವಿ, ಮುಧೋಳ, ಬೀಳಗಿ, ಹಿಕ್, ಚಕ್ಕಡಿ ತುಂಬಿ ಬರ್ತಾರ್ರಿ!"

ಸಾಹೇಬರು ಕುರ್ಚಿಯ ತುದಿಗೆ ಸರಿದರು. "ಭಲೇ! ಜಾಗ ಐತಿ?"

"ಪಾಯಪ್ಪನವರು ಕೊಡ್ತಾರ್ರಿ. ಹಿಕ್! ಹಿಕ್! ಹಿಕ್!"

ದವಾಖಾನೆ ಕೈಗೆ ಸಿಕ್ಕೇಬಿಟ್ಟಿತ್ತು, ಮಾತೇ ಸಿಗಲೊಲ್ಲದು. ಯಮನಪ್ಪನಿಗೆ ತಡೆಯಲಾಗಲಿಲ್ಲ. ಜನರ ನಡುವಿನಿಂದ ಹಾರಿ ಬಂದು ಅರಚಿದ:

"ಸಾಹೇಬರ ಬಂಗ್ಲೆದಾಗಿನ ಗೋಡಿ ಗಡಿಯಾರ ಕದ್ದಾಂವ ನೀನ ಹೌದಲ್ಲೋ, ಕಳ್ಳಾ!"

ಮುರಗೆಪ್ಪನ ಎದೆ ಝಲ್ಲೆಂದಿತು. ಬಿಕ್ಕು ಬುಡಸಮೇತ ಹೋಯಿತು. ಯಮನಪ್ಪ ಹಿಗ್ಗಿ ಹೀರೇಕಾಯಾದ. ಅವನಿಗೆ ಗೊತ್ತಿರದ ಸಂಗತಿಯೆಂದರೆ, ಆ ಗಡಿಯಾರ ಹೋದ ವಾರ ನಿಜವಾಗಿಯೂ ಕಳವಾಗಿತ್ತು.

ಸಾಹೇಬರು ಎದ್ದು ನಿಂತರು. "ಸಿಪಾಯಿ, ಇವನ್ನ ಹಿಡಿ!"

"ಅದು ಮದ್ದರೀ ಸಾಹೇಬರ!" ಎಂದು ಊರೆಲ್ಲ ಕೂಗಿತು. "ಮುಂಜಾನಿಂದ ಎಲ್ಲಾರೂ ಅವಗ ಕಳ್ಳ ಅನ್ನಾಕತ್ತೇವ್ರಿ!"

"ಅಂದ್ರ ಊರಿಗೆಲ್ಲಾ ಗೊತ್ತೈತಿ!" ದೂರದ ಊರಿನಿಂದ ಈಚೆಗಷ್ಟೇ ಜಮಖಂಡಿಗೆ ಬಂದ ಸಾಹೇಬರಿಗೆ ಇಂಥ ಮದ್ದು ಎಲ್ಲಿ ಗೊತ್ತು? "ದವಾಖಾನಿ ಮುಂದ ನೋಡೋಣು. ಆ ಜಾಗದಾಗ ಮೊದಲ ಪೊಲೀಸ್ ಠಾಣೆ, ಕೈದಿಗಳ ಕೋಣಿ ಆಗ್ಬೇಕು."

"ನಮಗ ಡಾಕ್ಟರ್ ಬೇಕ್ರೀ ಸಾಹೇಬರ!" ಮುರಗೆಪ್ಪನ ದನಿ ಈಗ ಗಂಟೆಯಂತೆ ಮೊಳಗಿತು.

"ಬರ್ತಾನ. ಕೈದಿಗಳನ್ನ ನೋಡಾಕ ವಾರಾ ವಾರಾ ಡಾಕ್ಟರ್ ಬರ್ತಾನ. ಕಣ್ಣು, ಹಲ್ಲು, ಎಲ್ಲಾ ಫುಕಟ, ಒಂದ ದುಡ್ಡೂ ಇಲ್ಲ. ಆದ್ರ ಕೈದಿಗಳಿಗಷ್ಟ."

ಮುರಗೆಪ್ಪನ ಕಣ್ಣಲ್ಲಿ ನೀರು ಬಂತು. ದವಾಖಾನೆಯೂ ಹೋಯಿತು, ಮಾನವೂ ಹೋಯಿತು. ಆಗ ಕೋಲಿನ ಟಕ್ ಟಕ್ ಕೇಳಿಸಿತು. ತಾರವ್ವ ತಡವರಿಸುತ್ತ ಬಂದು ಬೇಡಿ ಹಾಕಿ ಎಂಬಂತೆ ಸಾಹೇಬರ ಮುಂದೆ ಎರಡೂ ಕೈ ಚಾಚಿದಳು.

"ಅಂವನ ಬಿಡ್ರಿ ಯಪ್ಪಾ. ಗಡಿಯಾರ ಕದ್ದಾಕಿ ನಾನ. ನನ್ನ ಒಳಗ ಹಾಕ್ರಿ."

"ಕಣ್ಣ ಕಾಣೂದಿಲ್ಲ ನಿನಗ, ಗಡಿಯಾರ ಯಾಕ ಬೇಕಿತ್ತಬೇ?"

"ಡಾಕ್ಟರ್ ಬಂದ ಮ್ಯಾಲ ಕಾಣ್ತೈತಲ್ರೀ!"

ಓಣಿಗೆ ಆಗ ಉಪಾಯ ಹೊಳೆಯಿತು. ಅನಸವ್ವ ಮೊಣಕಾಲು ಹಿಡಿದುಕೊಂಡು ಕುಂಟುತ್ತ ಮುಂದೆ ಬಂದಳು. ಯಮನಪ್ಪ ಬಾತ ದವಡೆ ಒತ್ತಿಕೊಂಡು ಎಲ್ಲರನ್ನೂ ದಾಟಿ ನುಗ್ಗಿದ. "ಖರೆ ಹೇಳ್ತೇನ್ರಿ, ಗಡಿಯಾರ ನಾ ಕದ್ದೇನಿ!"

ತಾರವ್ವ ದನಿ ಬಂದ ದಿಕ್ಕಿಗೆ ಕೋಲು ಬೀಸಿದಳು.

"ಸರಿಲೇ ಹಿಂದ! ಗಡಿಯಾರದ ಕಳವು ನಮ್ಮ ಮನಿತನದ್ದು. ನಿನಗ ಹಲ್ಲ ನೋಯಾಕತ್ತಿದ್ರ ಬ್ಯಾರೆ ಏನರ ಕದಿ, ಹೋಗ!"