ಬೀಗರ ಬಾಯಿ ಮುಚ್ಚಿಸುವ ಬಿಯರು

ನನ್ನ ಅಂಗಡಿಯಲ್ಲಿ ಸಾಮಾನು ಕೆಡುವುದು ಅಪರೂಪ. ಕೆಡುವುದೆಲ್ಲ ಗಿರಾಕಿಯ ಮನೆಯಲ್ಲಿ. ಬೈಗುಳ ಮಾತ್ರ ನನಗೆ. ಹುಣಸೂರಿನಲ್ಲಿ ಇಷ್ಟು ಕಾಲ ದಿನಸಿ ಮಾರಿ ಕಲಿತದ್ದಿಷ್ಟೇ: ಹೇಗಿಡಬೇಕು ಅಂತ ಒಂದು ಸಲ ಹೇಳು, ಕೇಳದಿದ್ದರೆ ಇನ್ನೊಂದು ಸಲ ಮಾರು.

ಹಾರನಹಳ್ಳಿ ಕಡೆಯ ತಂಬಾಕು ಬೆಳೆಗಾರನೊಬ್ಬನಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹಿಡಿಯಿತು. ಕಾರಣ, ಮಗಳನ್ನು ಕೊಟ್ಟ ಭೇರ್ಯದ ಬೀಗರು. ಅವರು ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುವವರು. ಹಬ್ಬಕ್ಕೆ ಬಂದಾಗಲೆಲ್ಲ, ನಿಮ್ಮನೇಲಿ ಮಜ್ಜಿಗೆ ಬಿಟ್ರೆ ಇನ್ನೇನೈತೆ ಬೀಗ್ರೇ, ಅಂತ ಕುಟುಕುತ್ತಿದ್ದರಂತೆ. ಒಂದೇ ಒಂದು ಸಲ ಅವರ ಬಾಯಿ ಮುಚ್ಚಿಸಬೇಕು, ಅದೇ ಇವನ ಜೀವನದ ಗುರಿ.

೧. ಯೀಸ್ಟ್

ಹುದುಗು ಬರಿಸುವ ಯೀಸ್ಟ್ ಕೊಟ್ಟು, ತಂಪಿನಲ್ಲಿಡಿ ಅಂದಿದ್ದೆ. ಸ್ವಲ್ಪ ದಿನಕ್ಕೇ ಬಂದು, ಸತ್ತ ಮಾಲು ಕೊಟ್ಟಿದ್ದೀರಿ, ಒಂದು ಗುಳ್ಳೆಯೂ ಬಂದಿಲ್ಲ ಅಂತ ಗಿರಾಕಿಗಳ ಮುಂದೆಯೇ ಜಗಳ ತೆಗೆದ. ಎಲ್ಲಿಟ್ಟಿದ್ದಿರಿ ಅಂದೆ. ಥಂಡಿ ತಾಗದಿರಲಿ ಅಂತ ತಂಬಾಕು ಹದ ಮಾಡುವ ಬ್ಯಾರನ್ನಿನೊಳಗೆ, ಬೆಂಕಿ ಉರಿಯುವಾಗಲೇ ಇಟ್ಟಿದ್ದನಂತೆ.

"ನಾನು ಜೀವ ಇರೋದನ್ನೇ ಕೊಟ್ಟೆ, ಸುಟ್ಟೋರು ನೀವು. ತಿಥಿ ಊಟಕ್ಕೆ ಕರೀರಿ, ಬತ್ತೀನಿ" ಅಂದೆ.

೨. ಹೂವು

ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಅನ್ನುವ ಒಣ ಹೂವು. ಈ ಸಲ ಬುದ್ಧಿವಂತನಾಗಿ ಫ್ರಿಜ್ಜಿನಲ್ಲಿಟ್ಟ. ಅವನ ತಾಯಿಗೆ ಕೆಮ್ಮು. ಕಹಿ ಇದ್ದ ಮೇಲೆ ಔಷಧಿಯೇ ಅಂತ ಆಯಮ್ಮ ಅಷ್ಟನ್ನೂ ಕಷಾಯ ಕಾಯಿಸಿ ಕುಡಿದು ಮಲಗಿದರು. ಸಂಜೆ ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಅಕ್ಕಪಕ್ಕದವರು ಸೇರಿ ಅಳುವುದಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಎದ್ದು ಕೂತು, "ಲೇ ಮಗ, ಆ ಹೂವ ಇನ್ನೊಸಿ ತತ್ತಾ. ನಿಮ್ಮಪ್ಪನ ಗೊರಕೆ ನಿಂತ ಮ್ಯಾಲೂ ಇಂಗೆ ನಿದ್ದೆ ಬಂದಿರ್ನಿಲ್ಲ ಕಣ್ಲಾ" ಅಂದರಂತೆ.

ಅಲ್ಲಿಂದಾಚೆ ಅವನು ಎರಡು ಪೊಟ್ಟಣ ಒಯ್ಯುತ್ತಾನೆ. ಒಂದು ಬಿಯರಿಗೆ, ಇನ್ನೊಂದು ಬಿಯರ್ ಕಾಯಿಸುವಾಗ ಅಮ್ಮ ಮಲಗಿರಲಿ ಅಂತ.

೩. ಮಾಲ್ಟ್

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಗಾಳಿಯಾಡದ ಡಬ್ಬದಲ್ಲಿಡಿ, ಇನ್ನೇನೂ ಬೇಡ ಅಂದಿದ್ದೆ. ಆದರೆ ನಮ್ಮ ಕಡೆ ತೊಗರಿಬೇಳೆಗೆ ಹುಳ ಬೀಳದ ಹಾಗೆ ಹರಳೆಣ್ಣೆ ಸವರಿಡುವುದು ರೂಢಿ. ಬೇಳೆಗಿಲ್ಲದ ದೋಷ ಬಾರ್ಲಿಗೇನು ಅಂತ, ಕೂಸಿಗೆ ಎಣ್ಣೆ ತಿಕ್ಕಿದ ಹಾಗೆ ಧಾರಾಳವಾಗಿ ತಿಕ್ಕಿಟ್ಟ.

ಯುಗಾದಿ ಕಳೆದ ಮರುದಿನ, ಹೊಸತೊಡಕಿನ ಬಾಡೂಟಕ್ಕೆ ಬೀಗರು ಬಂದರು. ಲೋಟಕ್ಕೆ ಬಗ್ಗಿಸಿದರೆ ನೊರೆಯೇ ಇಲ್ಲ, ಮೇಲೆ ಜಿಡ್ಡು ತೇಲುತ್ತಿತ್ತು.

"ಇದೇನ್ ಬೀಗ್ರೇ, ಕುಡೀಲಾ, ತಲೆಗೆ ಅಚ್ಕಳ್ಳಾ?" ಅಂದರಂತೆ. ಆದರೂ ಪುಕ್ಕಟೆ ಮಾಲು, ಮೂರು ಲೋಟ ಇಳಿಸಿದರು. ಆಮೇಲೆ ಬಾಡೂಟದ ಎಲೆ ಮುಂದೆ ಅವರು ಕೂತದ್ದಕ್ಕಿಂತ ಹಿತ್ತಲಲ್ಲಿ ಕೂತದ್ದೇ ಹೆಚ್ಚು. ನಮ್ಮ ಬೆಳೆಗಾರ ಫೋನ್ ಮಾಡಿ ಇಷ್ಟನ್ನೂ ಒದರಿ, ಮಾನ ಹೋಯಿತು ಸಾವ್ಕಾರ್ರೇ, ಇನ್ನು ಭೇರ್ಯದ ದಾರಿ ನನಗೆ ಮುಚ್ಚಿತು ಅಂತ ಗೋಳಾಡಿದ.

ಮಾರನೆಯ ದಿನ ಆ ಬೀಗರೇ ಊರಿಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿ ಹತ್ತಿದರು. ಸಾಮಾನು ಕೊಟ್ಟವನನ್ನು ಬಯ್ಯುವುದಕ್ಕೇ ಬಂದರು ಅಂತ ತಕ್ಕಡಿ ಹಿಂದೆ ಸರಿದೆ. ಅವರು ಆ ಕಡೆ ಈ ಕಡೆ ನೋಡಿ, ಕಿವಿಗೆ ಬಾಯಿಟ್ಟರು.

"ನಂಗೆ ವರ್ಸಗಟ್ಲೆಯಿಂದ ಮಲಬದ್ಧತೆ ಕಣ್ರೀ. ಯಾವ ಡಾಕ್ಟ್ರ ಕೈಲೂ ಆಗಿರ್ನಿಲ್ಲ. ಬೀಗ್ರ ಬಿಯರಿನ ಮುಂದೆ ನಮ್ ವೈನು ಬರೀ ನೀರು. ಅವರ್ಗೆ ಮಾತ್ರ ಯೋಳ್ಬೇಡಿ. ಅದ್ಕೆ ಏನೇನ್ ಆಕ್ತಾರೆ, ಎಲ್ಲಾ ಕಟ್ಟಿ."

ನಿಜ ಹೇಳಿದ್ದರೆ ಬರೀ ಹರಳೆಣ್ಣೆ ಕೊಂಡು ಹೋಗುತ್ತಿದ್ದರು. ಯೀಸ್ಟ್, ಹಾಪ್ಸ್, ಮಾಲ್ಟ್ ಎಲ್ಲ ಕಟ್ಟಿ, ಕೊನೆಗೆ ಒಂದು ಸೀಸೆ ಹರಳೆಣ್ಣೆ ಮೇಲಿಟ್ಟೆ.

"ಮಾಲ್ಟಿಗೆ ಹುಳ ಬಿದ್ದೀತು, ಧಾರಾಳವಾಗಿ ಸವರಿಡಿ" ಅಂದೆ.